ಬೇಲಿಯಾಚೆಯ ಬಿಳಿ ಬಟ್ಟೆ

ಚಿತ್ರ ಬಂದಾಗ ಅದರಲ್ಲಿ ಮನೆಯಿತ್ತು, ಮನುಷ್ಯರಿರಲಿಲ್ಲ.

ಇದರಲ್ಲಿ ಅಚ್ಚರಿಯೇನಿಲ್ಲ. ಮರ, ಮೋಡ, ನೀರು, ಇಟ್ಟಿಗೆ ಗೋಡೆ ಬರೆಯುವ ಕೈ ಬೇರೆ. ಜನ, ದನ, ನಾಯಿ ಬರೆಯುವ ಕೈ ಬೇರೆ. ಹಾರ್ಲೆಮಿನ ಹಿರಿಯ ಚಿತ್ರಗಾರ ಗೆರ್‌ಬ್ರಾಂಟ್ ತನ್ನ ಪಾಲಿನದನ್ನು ಮುಗಿಸಿ ಗಾಡಿಯಲ್ಲಿ ಕಳಿಸಿಕೊಟ್ಟಿದ್ದ. ಇನ್ನು ಅದರೊಳಗೆ ಜನರನ್ನು ತುಂಬಲು ಏವರ್ಟ್ ಎಂಬವನು ಬಣ್ಣದ ಪೆಟ್ಟಿಗೆ ಹೊತ್ತು ಬಂದು, ಮನೆಯ ಮುಂದಿನ ಕೋಣೆಯಲ್ಲಿ ಬೀಡುಬಿಟ್ಟಿದ್ದ. ಆ ಖಾಲಿ ಮನೆಯೊಳಕ್ಕೆ ಯಾರು ಬರಬೇಕು, ಎಲ್ಲಿ ನಿಲ್ಲಬೇಕು, ಏನು ಉಟ್ಟಿರಬೇಕು ಎಂದು ಹೇಳುವ ಕೆಲಸ ಮಾತ್ರ ಯಜಮಾನನದು.

ಯಜಮಾನ ಬಾರೆಂಟ್ ಆಮ್ಸ್ಟರ್‌ಡ್ಯಾಮಿನಲ್ಲಿ ಸಾಬೂನು ಕಾಯಿಸಿ ಹಣವಂತನಾದವನು. ಊರಲ್ಲಿ ಅವನ ಕೊಪ್ಪರಿಗೆಗಳಿರುವ ಬೀದಿಗೆ ಹೋದರೆ ಸುಟ್ಟ ಎಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಬೇಸಿಗೆಗೆಂದು ಮರಳುದಿಬ್ಬಗಳ ಮಗ್ಗುಲಲ್ಲಿ ಈ ಹಳ್ಳಿಮನೆ ಕಟ್ಟಿಸಿ, ಮುಂದೊಂದು ಕೊಳ ತೋಡಿಸಿ, ಕಮಾನಿನ ಮೇಲೆ ‘ಸ್ವಾನನ್‌ರುಸ್ಟ್’ ಎಂದು ಕೆತ್ತಿಸಿದ್ದ. ಹಂಸಗಳ ವಿಶ್ರಾಂತಿಧಾಮ ಎಂದರ್ಥ. ಹಂಸಗಳು ಮಾತ್ರ ಬೇರೆಲ್ಲೋ ವಿಶ್ರಮಿಸುತ್ತಿದ್ದವು, ಇಲ್ಲಿ ಒಂದೂ ಇರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಅಕ್ಕಪಕ್ಕದವರು ಆಡಿಕೊಂಡರೆ ಅವರನ್ನು ದೂರುವಂತಿಲ್ಲ. ಆದರೂ ಬಾರೆಂಟ್ ಕೆಟ್ಟವನಲ್ಲ. ಹೆಂಡತಿ ಹುಟ್ಟಿದ ಜಾಗದ ಹತ್ತಿರವೇ ಇರಲಿ ಎಂದು ಇಲ್ಲಿ ನೆಲ ಕೊಂಡವನು ಅವನೇ. ಆ ಜಾಗ ಕಣ್ಣಿಗೆ ಬೀಳದಿರಲಿ ಎಂದು ನಡುವೆ ಬೇಲಿ ಹಾಕಿಸಿ ಗಿಡ ನೆಡಿಸಿದವನೂ ಅವನೇ.

ಹೆಂಡತಿ ಹಿಲೆಗೊಂಡ್ ಹುಟ್ಟಿದ್ದು ಬೇಲಿಯಾಚೆಯ, ಬಟ್ಟೆ ಬಿಳಿಮಾಡುವ ಚಲುವೆ ಬಯಲಿನಲ್ಲಿ. ಒರಟು ನಾರುಬಟ್ಟೆಯನ್ನು ಬೂದಿನೀರಿನಲ್ಲಿ ಕುದಿಸಿ, ಮಜ್ಜಿಗೆಯಲ್ಲಿ ನೆನೆಸಿ, ಸಾಬೂನು ಹಚ್ಚಿ ತಿಕ್ಕಿ, ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿ, ಬಿಸಿಲಿಗೆ ಒಣಗಲು ಬಿಡದೆ ಕಾಲುವೆಯ ನೀರನ್ನು ಉದ್ದ ಹಿಡಿಯ ಸೌಟಿನಿಂದ ಎರಚುತ್ತ ಎರಚುತ್ತ ಬೆಳ್ಳಗೆ ಮಾಡುವ ಬಯಲು ಅದು. ಅವಳ ತಾಯಿ ಆಲ್ತ್ಯೆ ಇಂದಿಗೂ ಅಲ್ಲೇ ದುಡಿಯುತ್ತಿದ್ದಳು. ಬಾರೆಂಟ್ ಆ ಬಯಲಿಗೆ ಸಾಬೂನಿನ ಪೀಪಾಯಿ ಇಳಿಸಲು ಬಂದಾಗಲೇ ಹಿಲೆಗೊಂಡಳನ್ನು ಕಂಡದ್ದು. ಈಗ ಅವಳು ಜರತಾರಿಯ ಲಂಗ ಉಟ್ಟು ಕಿಟಕಿಯ ಬಳಿ ಕೂರುತ್ತಾಳೆ. ತಾಯಿಯನ್ನು ಮನೆಗೆ ಬಾ ಎಂದು ಕರೆದರೆ, "ನಿಮ್ಮ ನೆಲ ಜಾರುತ್ತೆ ಕಣೆ" ಎಂದು ನಕ್ಕುಬಿಡುತ್ತಾಳೆ ಮುದುಕಿ.

ಗೆರ್‌ಬ್ರಾಂಟನ ಚಿತ್ರದಲ್ಲಿ ಆ ಬಯಲೇ ಇರಲಿಲ್ಲ. ಬೇಲಿಯ ಹಿಂದೆ ದಟ್ಟವಾದ ಮರಗಳ ತೋಪು ಎದ್ದು ನಿಂತಿತ್ತು. ನಿಜಕ್ಕೂ ಅಲ್ಲಿದ್ದದ್ದು ಸೊಂಟದೆತ್ತರದ ಸಸಿಗಳು. ಮೊಮ್ಮಕ್ಕಳ ಕಾಲಕ್ಕೆ ಬರುವ ನೆರಳನ್ನು ಬಾರೆಂಟ್ ಈಗಲೇ ಬರೆಸಿಕೊಂಡಿದ್ದ.

"ನನ್ನನ್ನ ಕುದುರೆ ಮೇಲೆ ಹಾಕು," ಎಂದ ಬಾರೆಂಟ್. "ಪಕ್ಕದಲ್ಲಿ ಬೇಟೆನಾಯಿ. ಇವಳು ಕಮಾನಿನ ಒಳಗೆ, ಕೈಯಲ್ಲಿ ಬೀಸಣಿಗೆ. ಮತ್ತೆ ಕೊಳದಲ್ಲಿ ಎರಡು ಹಂಸ."

ಏವರ್ಟ್ ಕುಂಚ ಒರೆಸಿಕೊಂಡ. ತೆಳ್ಳಗಿನ, ನಿಧಾನದ ಮನುಷ್ಯ. "ಹಂಸ ಬರೆಯೋಕೆ ನನಗೇನು ಯಜಮಾನ್ರೇ, ಎರಡು ಗೀಟು. ಆದ್ರೆ ಹಂಸ ಸಾಕೋ ಹಕ್ಕು ಈ ಸೀಮೆಗೆಲ್ಲ ಯೋಂಕರ್ ಧಣಿಗಳೊಬ್ಬರದ್ದೇ ಅಲ್ವಾ?"

"ಸಾಕಿದ್ರೆ ತಾನೇ ತಂಟೆ? ಬರೆದ ಹಂಸ ಯಾರಪ್ಪನ ಕೊಳದಲ್ಲಿ ಮೇಯುತ್ತೆ?"

"ಮೇಯಲ್ಲ. ಆದ್ರೆ ನೋಡಿದವರು ಓದ್ತಾರೆ."

ಓದುತ್ತಾರೆ ಎಂಬುದು ಸರಿಯಾದ ಮಾತು. ಆ ನಾಡಿನಲ್ಲಿ ಹಳ್ಳಿಮನೆಯ ಚಿತ್ರವನ್ನು ಯಾರೂ ಸುಮ್ಮನೆ ನೋಡುವುದಿಲ್ಲ. ಮನೆಯೊಡೆಯನ ಕೈಯಲ್ಲಿ ಸತ್ತ ಮೊಲ ತೂಗುತ್ತಿದ್ದರೆ ಅವನಿಗೆ ಬೇಟೆಯ ಹಕ್ಕಿದೆ. ಪಾರಿವಾಳದ ಗೂಡಿದ್ದರೆ ಹಿಂದೆ ಹೊಲಗಳಿವೆ. ಕೊಳದಲ್ಲಿ ಹಂಸವಿದ್ದರೆ ರಕ್ತದಲ್ಲೇ ದೊಡ್ಡಸ್ತಿಕೆಯಿದೆ. ಕಮಾನಿನ ಒಳಗಿರುವವರು ಮನೆಯವರು, ಅವರಿಗೆ ಹೆಸರುಂಟು. ಕಮಾನಿನ ಹೊರಗೆ ಭಿಕ್ಷುಕ, ಹಾಲಿನವಳು, ಹೊರೆ ಹೊತ್ತವನು. ಇವರು ಒಳಗಿನವರನ್ನು ಎತ್ತಿ ತೋರಿಸಲೆಂದೇ ಹುಟ್ಟಿದವರು. ಯಾರು ಎಂದು ಅವರನ್ನು ಕೇಳುವವರಿಲ್ಲ.

ಹಿಲೆಗೊಂಡಳಿಗೂ ಈ ಓದು ಗೊತ್ತಿತ್ತು. ಗೊತ್ತಿದ್ದರಿಂದಲೇ ಗಂಡ ಊರಿಗೆ ಹೋದ ದಿನ ಅವಳು ಏವರ್ಟನ ಬಳಿ ಬಂದು ನಿಂತಳು.

"ಇನ್ನೊಬ್ಬರನ್ನ ಹಾಕಬೇಕು. ನಮ್ಮವ್ವನ್ನ. ಮೆಟ್ಟಿಲ ಮೇಲೆ, ನನ್ನ ಹಿಂದೆ."

"ಹೇಗಿದ್ದಾರೆ ಅಮ್ಮಾವ್ರೇ? ಒಂದ್ಸಲ ಮುಖ ನೋಡಿದ್ರೆ ಒಳ್ಳೇದು."

"ನೋಡೋದೇನೂ ಬೇಡ," ಎಂದು ಅವಳು ಥಟ್ಟನೆ ಹೇಳಿದಳು. "ಕಪ್ಪು ರೇಷ್ಮೆ ಹಾಕು. ಕೈಗೆ ಕೈಗವಸು. ಒಂದು ಪ್ರಾರ್ಥನೆ ಪುಸ್ತಕ. ಮುಖ ಚಿಕ್ಕದು, ಬೆಳ್ಳಗಿರಲಿ."

ಏವರ್ಟ್ ಹಾಗೆಯೇ ಬರೆದ. ಊರಿಂದ ಮರಳಿದ ಬಾರೆಂಟ್ ಅದನ್ನು ಕಂಡು ಸಿಡುಕುತ್ತಾನೆ ಎಂದು ಹಿಲೆಗೊಂಡ್ ಕಾದಿದ್ದಳು. ಅವನು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ, ಆಮೇಲೆ ಹಿಗ್ಗಿದ. "ಭೇಷ್! ಮನೆಗೊಬ್ಬ ಹಿರಿಯಾಕೆ ಇದ್ರೆ ಹಳೇ ಮನೆತನ ಅನ್ಸುತ್ತೆ. ನೋಡು, ಯಾವುದೋ ಮೇಯರ್ ತಾಯಿ ಇದ್ದಂಗಿದೆ!" ಹಿಲೆಗೊಂಡಳಿಗೂ ಖುಷಿಯಾಯಿತು. ಗಂಡ ಇಷ್ಟು ಸುಲಭವಾಗಿ ಒಪ್ಪಿದ್ದೇಕೆ ಎಂದು ಅವಳು ಆಗ ಯೋಚಿಸಲಿಲ್ಲ.

ಮರುದಿನ ಆಲ್ತ್ಯೆಯನ್ನು ಕರೆಸಿದಳು. ಮುದುಕಿ ಹಿತ್ತಿಲ ಬಾಗಿಲಿಂದ ಬಂದಳು. ಮರದ ಮೆಟ್ಟುಗಳನ್ನು ಹೊಸ್ತಿಲಾಚೆ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ಮೆಲ್ಲಗೆ ಹೆಜ್ಜೆಯಿಡುತ್ತ ಚಿತ್ರದ ಮುಂದೆ ನಿಂತಳು. ಮೈಯಿಂದ ಹುಳಿಮಜ್ಜಿಗೆಯ ವಾಸನೆ ಬರುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವಳ ಕೈಗೆ ಮಜ್ಜಿಗೆ ಬಂದಷ್ಟು ಬಾಯಿಗೆ ಬರಲಿಲ್ಲ.

"ಅಬ್ಬಬ್ಬ, ಏನು ಮನೆ! ಅಳಿಯಂದ್ರು ಕುದುರೆ ಹತ್ತಿದ್ದನ್ನ ನಾನು ಕಂಡೇ ಇಲ್ವಲ್ಲ?"

"ಹತ್ತಲ್ಲ. ಭಯ ಅವರಿಗೆ," ಎಂದು ಹಿಲೆಗೊಂಡ್ ನಕ್ಕಳು. "ಮೆಟ್ಟಿಲ ಮೇಲೆ ನೋಡವ್ವ."

"ಯಾರೇ ಹಿಲ್ಲೆ ಇದು? ಪಾದ್ರಿಗಳ ಹೆಂಡ್ತಿಯಾ?"

"ನೀನೇ."

ಮುದುಕಿ ಕೆಮ್ಮು ಬರುವಷ್ಟು ನಕ್ಕಳು. "ಅಯ್ಯೋ ದೇವರೇ! ಯಾರ ಸಾವಿಗೆ ಹೊರಟಿದೀನಿ ನಾನು, ಇಷ್ಟು ಕಪ್ಪು ಉಟ್ಕೊಂಡು?" ಕಣ್ಣೊರೆಸಿಕೊಂಡು ಇನ್ನಷ್ಟು ಹತ್ತಿರ ಬಗ್ಗಿದಳು. ನಗು ಸಣ್ಣಗಾಯಿತು. "ಕೈ ಎಲ್ಲಿ ನಂದು?"

"ಕೈಗವಸು ಹಾಕಿದೆ."

"ಓ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಬೂದಿನೀರು ಚರ್ಮವನ್ನು ತಿಂದು ತಿಂದು ಅವು ಒಡೆದ ಕೆಂಪು ಮಣ್ಣಿನಂತಾಗಿದ್ದವು. "ಬಯಲೆಲ್ಲಿ?"

"ಅಲ್ಲಿ ಮರ ಬರೆದಿದಾರೆ. ಮುಂದೆ ಬೆಳೆಯೋ ಮರ."

"ಬೆಳೀಲಿ, ಬೆಳೀಲಿ."

ಆಲ್ತ್ಯೆ ಚಿತ್ರದಿಂದ ಮಗಳ ಕಡೆ ತಿರುಗಿದಳು. ಆಮೇಲೆ ಬೈಯುವ ದನಿಯೇ ಇಲ್ಲದೆ, ನಾಳೆ ಮಳೆ ಬರಬಹುದು ಎನ್ನುವ ಹಾಗೆ ಹೇಳಿದಳು. "ಅಳಿಯಂದ್ರು ನನ್ನನ್ನ ಬೇಲಿ ಆಚೆ ಇಟ್ರು. ಅದಕ್ಕೆ ನನಗೆ ಬೇಜಾರಿರಲಿಲ್ಲ ಕಣೆ. ಬೇಲಿ ಆಚೆ ಆದ್ರೂ ನಾನು ಅಂತ ಒಬ್ಬಳು ಇದ್ದೆ. ನೀನು ಒಳಗೆ ಕರ್ಕೊಂಡು ಬಂದು, ಇಲ್ಲವೇ ಇಲ್ಲ ಅನ್ನಿಸಿಬಿಟ್ಟೆಯಲ್ಲೇ."

"ಅವ್ವ, ನಿನಗೂ ಮರ್ಯಾದೆ ಸಿಗಲಿ ಅಂತ..."

"ಮರ್ಯಾದೆ ಆ ರೇಷ್ಮೆಗೆ ಸಿಗುತ್ತೆ. ಬರೆಸೋದಾದ್ರೆ ನನ್ನನ್ನ ಬರೆಸು. ಇಲ್ದಿದ್ರೆ ಬಿಡು, ನನಗೇನೂ ಗೋಡೆ ಮೇಲೆ ನೇತಾಡೋ ಆಸೆಯಿಲ್ಲ." ಮಗಳ ಕೆನ್ನೆ ಸವರಿ, ಬಂದ ದಾರಿಯಲ್ಲೇ ಹೊರಟುಹೋದಳು.

ಹಿಲೆಗೊಂಡ್ ಚಿತ್ರದ ಎದುರಿಗೇ ಕುಳಿತಳು. ಅಳಲಿಲ್ಲ, ಅಳುವುದಕ್ಕಿಂತ ಕೆಟ್ಟದಾದ ನಾಚಿಕೆ ಅವಳನ್ನು ಹಿಡಿದಿತ್ತು. ಬಯಲನ್ನು ಮರದ ಹಿಂದೆ ಮುಚ್ಚಿದ ಗಂಡನ ಮೇಲೆ ಅವಳು ಇಷ್ಟು ದಿನ ಒಳಗೊಳಗೇ ಮುನಿದಿದ್ದಳು. ಅವನು ಮರದಿಂದ ಮಾಡಿದ್ದನ್ನು ತಾನು ರೇಷ್ಮೆಯಿಂದ ಮಾಡಿದ್ದಳು. ಅವನು ಅಷ್ಟು ಬೇಗ ಒಪ್ಪಿದ್ದೇಕೆ ಎಂಬುದು ಈಗ ಅರ್ಥವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ಕಡಲ ಕಡೆಯಿಂದ ಬಿರುಗಾಳಿ ಎದ್ದ ದಿನಗಳು ಅವಳಿಗೆ ನೆನಪಾದವು. ಹಾಸಿದ ಬಟ್ಟೆ ಹಾವಿನಂತೆ ಮೇಲೇಳುತ್ತಿತ್ತು. ಒಂದು ತುದಿಯನ್ನು ಅವ್ವ ಹಿಡಿದರೆ ಇನ್ನೊಂದು ತುದಿಯನ್ನು ಇವಳು ಹಿಡಿಯಬೇಕು. "ಬಿಡಬೇಡ! ಬಿಟ್ರೆ ಕಡಲಿಗೆ ಹೋಯ್ತು!" ಎಂದು ಅವ್ವ ಕೂಗುತ್ತಿದ್ದಳು. ಅಷ್ಟುದ್ದದ ಬಟ್ಟೆಯ ಆ ತುದಿಯಲ್ಲಿ ಅವ್ವನ ಮುಖ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಎಳೆತ ಮಾತ್ರ ಕೈಗೆ ತಿಳಿಯುತ್ತಿತ್ತು.

ಗಂಡನೊಂದಿಗೆ ಇದನ್ನು ಹೇಗೆ ಎತ್ತುವುದು ಎಂದು ಅವಳು ತೊಳಲುತ್ತಿರುವಾಗ ಬಾರೆಂಟ್ ತಾನೇ ಬೆವರುತ್ತ ಬಂದ. ಯೋಂಕರ್ ರೇನೌಟ್, ಆ ಸೀಮೆಯ ಹಳೆಯ ಮನೆತನದ ಧಣಿ, ಗುರುವಾರದ ಮಧ್ಯಾಹ್ನದ ಊಟಕ್ಕೆ ಬರಲು ಒಪ್ಪಿದ್ದರು. ಹೊಸ ಚಿತ್ರ ನೋಡುವ ಮನಸ್ಸೂ ಇದೆಯೆಂದು ಹೇಳಿಕಳಿಸಿದ್ದರು. ಅದೇ ಯೋಂಕರ್, ಹಂಸ ಸಾಕಿದನೆಂದು ಒಬ್ಬ ಬಿಯರ್ ವ್ಯಾಪಾರಿಯನ್ನು ಕಟಕಟೆ ಹತ್ತಿಸಿದ ಸುದ್ದಿಯೂ ದೋಣಿಯಲ್ಲಿ ಬರುವಾಗ ಬಾರೆಂಟನ ಕಿವಿಗೆ ಬಿದ್ದಿತ್ತು.

"ಹಂಸ ತೆಗೆಸಿಬಿಡು! ಇವತ್ತೇ!" ಎಂದ.

"ಹಂಸ ತೆಗೆದ ಮೇಲೆ ಬರೀ ನೀರು ಉಳಿಯುತ್ತೆ. ಏನಾದ್ರೂ ಬಿಳಿ ಬೇಕಲ್ವಾ ಏವರ್ಟ್?" ಎಂದಳು ಹಿಲೆಗೊಂಡ್.

"ಬೇಕು ಅಮ್ಮಾವ್ರೇ. ಕಣ್ಣು ನಿಲ್ಲೋಕೊಂದು ಜಾಗ ಬೇಕು," ಎಂದ ಏವರ್ಟ್. ಅವನಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ. ಮುಖದಲ್ಲಿ ಮಾತ್ರ ತೋರಿಸಿಕೊಳ್ಳಲಿಲ್ಲ.

"ಹಾಗಿದ್ರೆ ಬೇಲಿ ಹಿಂದಿನ ಮರ ಸ್ವಲ್ಪ ತೆಗೆದುಬಿಡು. ಅಲ್ಲಿ ಬಟ್ಟೆ ಹಾಸಿರಲಿ. ಒಬ್ಬ ಹೆಂಗಸು ನೀರು ಎರಚ್ತಾ ಇರಲಿ." ಅವಳು ಗಂಡನ ಕಡೆ ತಿರುಗಿದಳು. "ಮೆಟ್ಟಿಲ ಮೇಲಿರೋ ರೇಷ್ಮೆಯವಳು ಬೇಡ ರೀ. ಅವಳು ನಮ್ಮವ್ವ ಅಲ್ಲ."

ಬಾರೆಂಟ್ ಮಂಕನಲ್ಲ. ಬಹಳ ಹೊತ್ತು ಗಲ್ಲ ಕೆರೆದುಕೊಂಡ. "ಚಲುವೆ ಬಯಲು ಎಲ್ಲಾ ಚಿತ್ರದಲ್ಲೂ ಇರುತ್ತೆ. ಇರ್ಲಿ. ಆದ್ರೆ ಹಿಲ್ಲೆ, ನೀನು ಬಾಯಿ ಬಿಡಬಾರದು. ಅದು ಯಾರೋ ಒಬ್ಬ ಕೆಲಸದವಳು, ಅಷ್ಟೇ. ಒಪ್ಪಿದ್ಯಾ?"

ಅವಳು ಒಪ್ಪಿದಳು. ಬೇರೆ ದಾರಿ ಕಾಣಲಿಲ್ಲ.

ಏವರ್ಟ್ ಈ ಸಲ ಯಾರನ್ನೂ ಕೇಳದೆ ಬಯಲಿಗೆ ಹೋಗಿ ಒಂದು ಬೆಳಗ್ಗೆಯೆಲ್ಲ ಕಾಲುವೆ ದಂಡೆಯಲ್ಲಿ ಕುಳಿತು ಬಂದ. ಇನ್ನೂ ಹಸಿಯಿದ್ದ ಹಂಸಗಳನ್ನು ಚಾಕುವಿನಿಂದ ಕೆರೆದು, ಅದೇ ಬಿಳಿಯನ್ನು ಬೇಲಿಯಾಚೆಗೆ ಎಳೆದು ಬಟ್ಟೆ ಮಾಡಿದ. ಬಟ್ಟೆಯ ತುದಿಯಲ್ಲಿ ಬೆನ್ನು ಬಾಗಿದ ಒಬ್ಬ ಮುದುಕಿ ಬಂದಳು. ಹೆಬ್ಬೆರಳಿನಷ್ಟು ಎತ್ತರ. ಕೈಗಳಿಗೆ ಮಾತ್ರ ಒಂದು ಚುಕ್ಕೆ ಕೆಂಪು ಇಟ್ಟಿದ್ದ.

ಗುರುವಾರ ಯೋಂಕರ್ ಬಂದರು. ಎತ್ತರದ ಆಳು, ಮಾತು ಮೃದು, ಕೊರಳಲ್ಲಿ ಅಂದದ ಬಿಳಿ ಪಟ್ಟಿ. ಹಾವುಮೀನಿನ ಕಡುಬು, ಎಳೆ ಬಟಾಣಿ, ಜೀರಿಗೆ ಹಾಕಿದ ಚೀಸ್, ರೈನ್ ಸೀಮೆಯ ವೈನ್. ಬಾರೆಂಟ್ ಬೆಳಗಿನಿಂದ ಮೂರು ಸಲ ಕೈ ತೊಳೆದಿದ್ದ. ಜೀವಮಾನವೆಲ್ಲ ಸಾಬೂನು ಕಾಯಿಸಿದವನಿಗೆ ತನ್ನ ಕೈಯ ವಾಸನೆಯ ಮೇಲೆಯೇ ನಂಬಿಕೆ ಇರಲಿಲ್ಲ.

ಊಟದ ನಡುವೆ ಯೋಂಕರ್ ಗೋಡೆಯತ್ತ ತಿರುಗಿ ಚಿತ್ರವನ್ನು ಓದತೊಡಗಿದರು. ಚಿತ್ರ ಬಲ್ಲವರು, ಮನಸ್ಸೂ ಒಳ್ಳೆಯದಿತ್ತು. "ತೆರೆದ ಕಮಾನು. ಸತ್ಕಾರದ ಗುರುತು, ಸಂತೋಷ. ನಾಯಿ, ನಿಷ್ಠೆ. ಆಹಾ, ಮೆಟ್ಟಿಲಿಗೆ ಅಡ್ಡಲಾಗಿ ಮುರಿದ ಮರದ ಬೊಡ್ಡೆ! ಎಷ್ಟು ಕಟ್ಟಿದ್ರೂ ಎಲ್ಲಾ ಅಳಿಯುತ್ತೆ ಅನ್ನೋ ಎಚ್ಚರಿಕೆ. ಬಹಳ ಆಳವಾಗಿದೆ."

ಬೊಡ್ಡೆ ಇದ್ದದ್ದು ರೇಷ್ಮೆಯ ಮುದುಕಿಯನ್ನು ಕೆರೆದ ಕಲೆಯನ್ನು ಮುಚ್ಚುವುದಕ್ಕೆ. ಬಾರೆಂಟ್ ಮಾತ್ರ ಗಂಭೀರವಾಗಿ ತಲೆದೂಗಿದ.

"ಮತ್ತೆ ಬೇಲಿಯಾಚೆ ಈ ಚಲುವೆಯವಳು." ಯೋಂಕರ್ ಕಣ್ಣು ಕಿರಿದು ಮಾಡಿದರು. "ಚಿತ್ರದ ಜೀವವೇ ಇಲ್ಲಿದೆ ನೋಡಿ. ಕೊಳೆ ತೊಳೆದ ಆತ್ಮದ ಸಂಕೇತ. ಆಚೆ ದುಡಿಮೆ ಇದ್ರೆ ತಾನೇ ಈಚೆ ವಿರಾಮಕ್ಕೆ ಬೆಲೆ? ಇಂಥ ಹೆಂಗಸರ ಸೊಗಸು ಏನು ಗೊತ್ತಾ? ಇವರು ಯಾರೂ ಅಲ್ಲ."

ಮೇಜಿನಡಿಯಲ್ಲಿ ಬಾರೆಂಟನ ಕಾಲು ಹಿಲೆಗೊಂಡಳ ಪಾದವನ್ನು ಒತ್ತಿತು. ಅವಳು ಮಾತು ಕೊಟ್ಟಿದ್ದಳು. ಸುಮ್ಮನಿದ್ದರೆ ಊಟ ಮುಗಿಯುತ್ತದೆ, ಯೋಂಕರ್ ಮತ್ತೆ ಬರುತ್ತಾರೆ, ಅವರನ್ನು ನೋಡಿ ಇನ್ನಿಬ್ಬರು ಬರುತ್ತಾರೆ. ಗಂಡ ಇಷ್ಟು ವರ್ಷ ಬಯಸಿದ್ದೆಲ್ಲ ಅವಳ ಒಂದು ಮೌನದ ಮೇಲೆ ನಿಂತಿತ್ತು. ಅವಳಿಗೆ ಗಂಡನ ಮೇಲೆ ಪ್ರೀತಿಯಿತ್ತು. ಆದರೆ ಯಾರೂ ಅಲ್ಲ ಎಂಬ ಮಾತು ಗಂಟಲಿಗೆ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ಅತ್ತ ಇಳಿಯಲಿಲ್ಲ, ಇತ್ತ ಬರಲಿಲ್ಲ.

"ಅವಳು ಸಂಕೇತ ಅಲ್ಲ ಧಣಿಗಳೇ," ಎಂದಳು. "ಅವಳು ನಮ್ಮವ್ವ. ಆಲ್ತ್ಯೆ ಅಂತ ಹೆಸರು. ಆ ಬಯಲಲ್ಲಿ ನಾನೂ ನೀರು ಎರಚಿ ಬೆಳೆದವಳು. ನಿಮ್ಮ ಕೊರಳ ಪಟ್ಟಿ ಅಲ್ಲೇ ಬೆಳ್ಳಗಾಗಿದ್ದರೂ ಆಗಿರಬಹುದು."

ಯೋಂಕರ್ ಕೈ ತಾನಾಗಿ ಕೊರಳಿಗೆ ಹೋಯಿತು. ಅವರು ಕೋಪಗೊಂಡಂತೆ ಕಾಣಲಿಲ್ಲ. ಪುಸ್ತಕದ ಪುಟ ಎದ್ದು ಮಾತಾಡಿದರೆ ಓದುವವನು ಹೇಗೆ ಕಕ್ಕಾಬಿಕ್ಕಿಯಾಗುತ್ತಾನೋ ಹಾಗಾಗಿದ್ದರು. ಹಿಲೆಗೊಂಡ್ ಗಂಡನ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಪಾದದ ಮೇಲಿದ್ದ ಅವನ ಕಾಲು ಸರಿದುಹೋದದ್ದು ಮಾತ್ರ ತಿಳಿಯಿತು.

ಬಾರೆಂಟ್ ಗಂಟಲು ಸರಿಮಾಡಿಕೊಂಡ. ಬಟ್ಟಲು ಎತ್ತಿದ, ಕುಡಿಯದೆ ಕೆಳಗಿಟ್ಟ.

"ಸಾಬೂನು ನಂದು," ಎಂದ.

"ಏನಂದ್ರಿ?" ಎಂದರು ಯೋಂಕರ್.

"ಆ ಬಟ್ಟೆಗೆ ಹಚ್ಚಿದ ಸಾಬೂನು, ನಾನು ಕಾಯಿಸಿದ್ದು. ಪೀಪಾಯಿ ಇಳಿಸೋಕೆ ಬಂದು ಇವಳನ್ನ ಕಂಡೆ. ಆ ಕುದುರೆ ಸುಳ್ಳು ಧಣಿಗಳೇ. ನನಗೆ ಕುದುರೆ ಅಂದ್ರೆ ಭಯ. ಬಟ್ಟೆ ಮಾತ್ರ ನಿಜ."

ಹಿಲೆಗೊಂಡಳಿಗೆ ನಗು ಮತ್ತು ಅಳು ಒಟ್ಟಿಗೇ ಬಂದವು. ಯೋಂಕರ್ ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಕಿಟಕಿಯ ಬಾಗಿಲು ದಡಾರೆಂದು ಬಡಿಯಿತು. ಕಡಲ ಕಡೆಯಿಂದ ಗಾಳಿ ಎದ್ದಿತ್ತು. ಸೊಂಟದೆತ್ತರದ ಸಸಿಗಳಾಚೆ ಬಯಲಿನ ಹೆಂಗಸರು ಓಡುತ್ತಿದ್ದರು, ಬಟ್ಟೆಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಎಲ್ಲರಿಗಿಂತ ಈಚೆಗೆ ಬಾಗಿದ ಬೆನ್ನಿನ ಒಬ್ಬಳು ಒಂದು ತುದಿಯನ್ನು ಮಂಡಿಯಡಿ ಅದುಮಿ ಹಿಡಿದಿದ್ದಳು. ಇನ್ನೊಂದು ತುದಿ ಗಾಳಿಯಲ್ಲಿ ಬಡಿದಾಡುತ್ತಿತ್ತು, ಹಿಡಿಯುವವರಿರಲಿಲ್ಲ.

ಹಿಲೆಗೊಂಡ್ ಎದ್ದಳು. ಹಿತ್ತಿಲ ಬಾಗಿಲಿಗೆ ಹೋಗಲಿಲ್ಲ. ಮುಂಬಾಗಿಲು ತೆರೆದು, ಮೆಟ್ಟಿಲಿಳಿದು, ಕಮಾನು ದಾಟಿ, ಜರತಾರಿ ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೇಲಿ ಬಳಸಿ ಓಡಿದಳು. ಕಿಟಕಿಯಲ್ಲಿ ಯೋಂಕರ್ ಮತ್ತು ಬಾರೆಂಟ್ ಪಕ್ಕಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ.

ಹಾರುತ್ತಿದ್ದ ತುದಿ ಕೈಗೆ ಸಿಕ್ಕಿತು. ಒದ್ದೆ ಬಟ್ಟೆ ಮುಖಕ್ಕೆ ರಪ್ಪನೆ ಬಡಿಯಿತು, ಅಂಗೈ ಉರಿಯಿತು. ಆ ಕೊನೆಯಿಂದ ಹಳೆಯ ಎಳೆತ ಬಂತು.

"ಬಿಡಬೇಡ!" ಎಂದು ಆಲ್ತ್ಯೆ ಕೂಗಿದಳು. ಈ ತುದಿಯಲ್ಲಿ ಯಾರಿದ್ದಾರೆಂದು ಅವಳಿಗೆ ಕಾಣುತ್ತಿರಲಿಲ್ಲ. "ಯಾರೇ ಅದು?"

"ನಾನವ್ವ. ಹಿಲ್ಲೆ."

ಗಾಳಿಯಲ್ಲಿ ಅದು ಕೇಳಿಸಿತೋ ಇಲ್ಲವೋ. ಆಲ್ತ್ಯೆ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದು ಬಟ್ಟೆಯನ್ನು ಬಿಗಿಯಾಗಿ ಎಳೆದಳು, ಹಿಲೆಗೊಂಡಳೂ ಎಳೆದಳು.